ಹಿತ್ತಲ ಶೆಡ್ಡಿನಲ್ಲಿ ಉಕ್ಕಿನ ಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಗೇಟಿನ ಒಳಗೆ, ದಾಸವಾಳದ ಗಿಡದ ಪಕ್ಕದಲ್ಲಿ, ಕಬ್ಬಿಣದ ಸರಳುಗಳಿಂದ ಬೆಸೆದ ಬೆಳ್ಳಕ್ಕಿಯೊಂದು ನಿಂತಿದೆ. ಶಿವಮೊಗ್ಗದ ಈ ಬೀದಿಯಲ್ಲಿ ಹೋಗುವವರು ಅದನ್ನು ಕಂಡು ನಿಲ್ಲುತ್ತಾರೆ. ಕೆಲವರು ಒಳಗೆ ಬಂದು ಹಿತ್ತಲಿನ ಶೆಡ್ಡನ್ನೂ ನೋಡುತ್ತಾರೆ. ಹಾಗೆ ಬಂದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಂದಿಗೆ ಇಲ್ಲಿ ಬರೆದಿದ್ದೇನೆ. ನಾನು ಕಲಾಶಾಲೆಯಲ್ಲಿ ಕಲಿತವನಲ್ಲ. ಸಂಜೆ ಮತ್ತು ಭಾನುವಾರಗಳಲ್ಲಿ ಕೈಯಾರೆ ಮಾಡುತ್ತಾ ತಿಳಿದುಕೊಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ವೆಲ್ಡಿಂಗ್ ಬಾರದವರು ಈ ಕೆಲಸಕ್ಕೆ ಕೈ ಹಾಕಬಹುದೇ?

ಧಾರಾಳವಾಗಿ ಹಾಕಬಹುದು, ಆದರೆ ಒಬ್ಬರ ಪಕ್ಕದಲ್ಲಿ ನಿಂತು ಕಲಿಯಿರಿ. ಗೇಟು, ಕಿಟಕಿಯ ಗ್ರಿಲ್ ಮಾಡುವ ಅಂಗಡಿ ಪ್ರತಿ ಊರಿನಲ್ಲೂ ಇದೆ. ಅಲ್ಲಿನ ಮೇಸ್ತ್ರಿಯನ್ನು ಕೇಳಿಕೊಂಡು ಕೆಲವು ದಿನ ಕೂತರೆ, ತಿಂಗಳುಗಟ್ಟಲೆ ವಿಡಿಯೊ ನೋಡಿದರೂ ಸಿಗದ ಕೈಯ ಹದ ಸಿಗುತ್ತದೆ. ಪೂರ್ತಿ ತರಬೇತಿಯೇ ಬೇಕೆನ್ನುವವರಿಗೆ ಐಟಿಐಗಳಲ್ಲಿ ಒಂದು ವರ್ಷದ ವೆಲ್ಡರ್ ಕೋರ್ಸ್ ಇದೆ.

ಕಲಿಯುವಾಗ ಹೊಸಬರು ಬೆಳಕಿನ ಕಡೆ ನೋಡುತ್ತಾರೆ. ಮುಖವಾಡದ ಗಾಜಿನೊಳಗಿಂದ ನೋಡಬೇಕಾದದ್ದು ಬೆಳಕಿನ ಹಿಂದೆ ಕರಗಿ ಹೊಳೆಯುವ ಚಿಕ್ಕ ಕೊಳವನ್ನು. ಅದು ಎರಡೂ ತುಂಡುಗಳ ಅಂಚನ್ನು ಮುಟ್ಟಿದೆಯೇ, ಅದರ ಅಗಲ ಒಂದೇ ಸಮನಾಗಿದೆಯೇ ಎಂಬುದೇ ವಿದ್ಯೆ. ಕಿವಿಯೂ ಸಹಾಯಕ್ಕೆ ಬರುತ್ತದೆ: ಕಾದ ಎಣ್ಣೆಗೆ ಹಪ್ಪಳ ಬಿಟ್ಟಾಗಿನ ಹಾಗೆ ಒಂದೇ ಸಮನೆ ಚುರುಗುಟ್ಟುತ್ತಿದ್ದರೆ ಬೆಸುಗೆ ಸರಿಯಾಗಿ ಕೂರುತ್ತಿದೆ. ಎರಡು ತುಂಡು ಪಟ್ಟಿಯನ್ನು ಬೆಸೆದು, ಬಿಗಿದು ಹಿಡಿಯುವ ವೈಸ್‌ಗೆ ಸಿಕ್ಕಿಸಿ, ಸುತ್ತಿಗೆಯಿಂದ ಹೊಡೆದು ನೋಡಿ. ಪಟ್ಟಿ ಬಾಗಿದರೆ ಬೆಸುಗೆ ಗಟ್ಟಿ. ಬೆಸುಗೆಯೇ ಸಿಪ್ಪೆಯಂತೆ ಎದ್ದು ಬಂದರೆ ಅದು ಮೇಲೆ ಅಂಟಿಕೊಂಡಿತ್ತಷ್ಟೇ, ಒಳಗೆ ಕೂಡಿರಲಿಲ್ಲ.

ಯಾವ ಮೆಷಿನ್ ಕೊಳ್ಳಬೇಕು?

ತುದಿಯಲ್ಲಿ ಆರ್ಕ್ (ಉರಿಯುವ ವಿದ್ಯುತ್ ಕಿಡಿ) ಹೊತ್ತಿಸಿ ರಾಡ್ ಸುಡುವ ಸಾಧಾರಣ ಆರ್ಕ್ ವೆಲ್ಡಿಂಗ್ ಮೆಷಿನ್, ಇನ್ವರ್ಟರ್ ಮಾದರಿಯದು (ಬ್ಯಾಟರಿಯ ಇನ್ವರ್ಟರ್ ಅಲ್ಲ, ಹಗುರವಾದ ಎಲೆಕ್ಟ್ರಾನಿಕ್ ಮೆಷಿನ್), 200 ಆಂಪಿಯರ್‌ನದು. ಒಂದೇ ಕೈಯಲ್ಲಿ ಎತ್ತಬಹುದು, ಸಿಂಗಲ್ ಫೇಸ್‌ನಲ್ಲಿ ನಡೆಯುತ್ತದೆ. 6013 ಎಂಬ ರಾಡ್ ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. 2.5 ಮಿ.ಮೀ. ದಪ್ಪದ ರಾಡನ್ನು 60ರಿಂದ 90 ಆಂಪಿಯರ್‌ನಲ್ಲಿ, 3.15 ಮಿ.ಮೀ. ರಾಡನ್ನು 90ರಿಂದ 130 ಆಂಪಿಯರ್‌ನಲ್ಲಿ ಸುಡುತ್ತಾರೆ. ನಮ್ಮ ಬಹುಪಾಲು ಕೆಲಸ 2.5ರಲ್ಲೇ ಮುಗಿಯುತ್ತದೆ.

ಮಿಗ್ ಮೆಷಿನ್ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ತೆಳು ತಗಡಿನ ಕೆಲಸಕ್ಕೆ ಖಂಡಿತ ಒಳ್ಳೆಯದು. ತಂತಿ ತಾನಾಗಿ ಬರುತ್ತದೆ, ಸ್ಲ್ಯಾಗ್ (ಬೆಸುಗೆಯ ಮೇಲೆ ಗಟ್ಟಿಯಾಗುವ ಕಿಟ್ಟ) ಕೆರೆಯುವ ಗೋಜಿಲ್ಲ. ಆದರೆ ಗ್ಯಾಸ್ ಸಿಲಿಂಡರ್ ಬೇಕು, ಗಾಳಿ ಬೀಸಿದರೆ ಗ್ಯಾಸ್ ಚದುರಿ ಬೆಸುಗೆ ತೂತುತೂತಾಗುತ್ತದೆ. ಗೋಡೆಯಿಲ್ಲದ ಶೆಡ್ಡಿಗೆ, ತುಕ್ಕು ಹಿಡಿದ ಗುಜರಿ ಸಾಮಾನಿಗೆ ರಾಡೇ ಹೊಂದುತ್ತದೆ.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ರಾಡಿನ ಮೇಲಿನ ಲೇಪ ತೇವ ಹೀರಿಕೊಂಡು ಆರ್ಕ್ ಸಿಡಿಯತೊಡಗುತ್ತದೆ. ರಾಡುಗಳನ್ನು ಗಾಳಿಯಾಡದ ಡಬ್ಬದಲ್ಲಿಡಿ.

ಮನೆಯ ಕರೆಂಟ್ ತಡೆಯುತ್ತದೆಯೇ?

80 ಆಂಪಿಯರ್‌ನಲ್ಲಿ ಬೆಸೆಯುವಾಗ ಇನ್ವರ್ಟರ್ ಮೆಷಿನ್ ಮನೆಯ ಲೈನಿನಿಂದ ಎಳೆಯುವುದು ಸುಮಾರು 12ರಿಂದ 15 ಆಂಪಿಯರ್. ಮೆಷಿನ್ ಮೇಲಿನ 200 ಎಂಬ ಅಂಕಿ ಬೆಸುಗೆಯ ಕಡೆಯದು, ಗೋಡೆಯ ಕಡೆಯದಲ್ಲ. ಅದನ್ನು ನೋಡಿ ಹೆದರುವವರೇ ಹೆಚ್ಚು. ಹಾಗೆಂದು ಫ್ರಿಜ್ಜಿನ ಪ್ಲಗ್ಗಿಗೆ ಸಿಕ್ಕಿಸಬೇಡಿ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೀಟರ್ ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿ.ಮೀ.ಯ ತಾಮ್ರದ ತಂತಿ, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್), ಸರಿಯಾದ ಅರ್ಥಿಂಗ್ ಹಾಕಿಸಿ. ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್ ಸಾಲದಿದ್ದರೆ ಮೆಸ್ಕಾಂ ಅಥವಾ ನಿಮ್ಮ ಕಡೆಯ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ಆರ್ಕ್ ಹೊತ್ತಿಸುವ ಮುನ್ನ ಹೋಲ್ಡರಿನ ತುದಿಯಲ್ಲಿ 60ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗವಸು, ರಬ್ಬರ್ ಅಟ್ಟೆಯ ಬೂಟು ಇದ್ದರೆ ಅದು ನಿಮ್ಮನ್ನು ಮುಟ್ಟುವುದಿಲ್ಲ. ಬೆವರಿನಲ್ಲಿ ತೊಯ್ದ ಅಂಗಿ, ಹಸಿ ನೆಲ, ಬರಿಗಾಲು ಸೇರಿದರೆ ಅಷ್ಟೇ ವೋಲ್ಟ್ ಜೀವ ತೆಗೆಯಬಲ್ಲದು. ನೆಲ ಜಿನುಗುವ ಆಷಾಢದ ದಿನಗಳಲ್ಲಿ ನಾನು ಬೆಸೆಯುವುದಿಲ್ಲ. ಆಗ ಚಿತ್ರ ಬರೆಯುತ್ತೇನೆ, ಸರಳು ಬಾಗಿಸುತ್ತೇನೆ.

ಕಣ್ಣು ಹಾಳಾಗುವುದಿಲ್ಲವೇ?

ಅಲಕ್ಷ್ಯ ಮಾಡಿದರೆ ಆಗುತ್ತದೆ. ಆರ್ಕಿನ ಅತಿನೇರಳೆ ಕಿರಣ ಕಣ್ಣಿನ ಹೊರಪದರವನ್ನು ಸುಡುತ್ತದೆ, ಆದರೆ ಆ ಕ್ಷಣದಲ್ಲಿ ನೋವಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತೆ ಉರಿ ಶುರುವಾಗುತ್ತದೆ. ಮೊದಲ ತಿಂಗಳಲ್ಲಿ ನಾನೂ ಅಂಥ ಒಂದು ರಾತ್ರಿಯನ್ನು ಕಳೆದಿದ್ದೇನೆ: ಮುಖವಾಡ ಇಳಿಸುವ ಮುನ್ನವೇ ನಾಲ್ಕೈದು ಬಾರಿ ರಾಡ್ ತಾಗಿಸಿದ್ದೆ, ಅಷ್ಟೇ. ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಕಣ್ಣಿಗೆ ಹಾಲು ಬಿಡುವುದು, ಆಲೂಗಡ್ಡೆ ಇಡುವುದು ಬೇಡ. ಕಣ್ಣಿನ ವೈದ್ಯರ ಬಳಿ ಹೋಗಿ.

ಗ್ರಿಲ್ ಅಂಗಡಿಗಳಲ್ಲಿ ಬರಿಯ ಕಪ್ಪು ಕನ್ನಡಕ ಹಾಕಿ ಬೆಸೆಯುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. ಮುಖವನ್ನೂ ಕತ್ತನ್ನೂ ಮುಚ್ಚುವ, 10 ಅಥವಾ 11ನೇ ಶೇಡಿನ (ಕಪ್ಪಿನ ಅಳತೆಯ) ಗಾಜಿರುವ ಮುಖವಾಡವೇ ಬೇಕು. ಬೆಳಕು ಬಿದ್ದೊಡನೆ ತಾನೇ ಕಪ್ಪಾಗುವ ಹೆಲ್ಮೆಟ್ ಸ್ವಲ್ಪ ದುಬಾರಿ, ಆದರೆ ಎರಡೂ ಕೈ ಬಿಡುವಾಗುತ್ತವೆ; ನನ್ನ ಮಟ್ಟಿಗೆ ಮೆಷಿನ್‌ಗಿಂತ ಮೊದಲು ಕೊಳ್ಳಬೇಕಾದದ್ದು ಅದನ್ನು. ಉದ್ದ ತೋಳಿನ ದಪ್ಪ ಹತ್ತಿಯ ಅಂಗಿ, ಮಡಿಕೆಯಿಲ್ಲದ ಜೀನ್ಸ್, ಚರ್ಮದ ಬೂಟು ಹಾಕಿಕೊಳ್ಳಿ. ಪಾಲಿಯೆಸ್ಟರ್ ಬಟ್ಟೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಶೆಡ್ಡಿನ ಬಾಯಿಗೆ ತಗಡಿನ ತಡಿಕೆ ನಿಲ್ಲಿಸಿ. ಮಕ್ಕಳು, ಅಕ್ಕಪಕ್ಕದವರು, ನಾಯಿ ಆ ಬೆಳಕನ್ನು ನೋಡುವುದು ಬೇಡ.

ಬೇರೆ ಏನೇನು ಉಪಕರಣ ಬೇಕು?

ಕೈಯಲ್ಲಿ ಹಿಡಿದು ಕಬ್ಬಿಣವನ್ನು ಕತ್ತರಿಸುವ, ಉಜ್ಜುವ ನಾಲ್ಕಿಂಚಿನ ಗ್ರೈಂಡರ್, ಗಟ್ಟಿಯಾದ ವೈಸ್, ಎರಡು ಸುತ್ತಿಗೆ, ಸ್ಲ್ಯಾಗ್ ಕೆರೆಯುವ ಚಿಪ್ಪಿಂಗ್ ಸುತ್ತಿಗೆ, ತಂತಿಯ ಬ್ರಷ್, ನಾಲ್ಕಾರು ಸಿ-ಕ್ಲಾಂಪ್. ಕಮ್ಮಾರರು ಮೇಲಿಟ್ಟು ಬಡಿಯುವಂಥ ಅಡಿಗಲ್ಲು ಇಲ್ಲದಿದ್ದರೆ ದಪ್ಪನೆಯ ಕಬ್ಬಿಣದ ತುಂಡು ಸಾಕು.

ಇವುಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ವೆಲ್ಡಿಂಗಿಗಲ್ಲ, ಗ್ರೈಂಡರಿಗೆ. ಅದರ ಡಿಸ್ಕ್ ನಿಮಿಷಕ್ಕೆ ಹತ್ತು ಹನ್ನೊಂದು ಸಾವಿರ ಸುತ್ತು ತಿರುಗುತ್ತದೆ. ಕತ್ತರಿಸುವ ತೆಳು ಡಿಸ್ಕಿನ ಮಗ್ಗುಲಿನಿಂದ ಉಜ್ಜಲು ಹೋದರೆ ಅದು ಚೂರಾಗಿ ಹಾರುತ್ತದೆ. ಗಾರ್ಡ್ ಬಿಚ್ಚಬೇಡಿ. ಸಣ್ಣ ಮೂಲೆಗೆ ಹೋಗುವುದಿಲ್ಲವೆಂದು ಬಿಚ್ಚುವವರಿದ್ದಾರೆ. ಆ ಮೂಲೆಗೆ ಅರ ಹಿಡಿಯಿರಿ.

ಗುಜರಿಯಿಂದ ಏನು ತರಬೇಕು, ಏನು ತರಬಾರದು?

ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಗುಜರಿ ಅಂಗಡಿಯ ರಾಶಿಯ ಮುಂದೆ ಕೂತು ಒಂದೊಂದನ್ನೇ ತಿರುಗಿಸಿ ನೋಡುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೈಕಿನ ಚೈನು ಹಾವಿನ ಬೆನ್ನಾಗುತ್ತದೆ. ಸವೆದ ಕುಡುಗೋಲಿನ ಅಲಗು ರೆಕ್ಕೆಯಾಗುತ್ತದೆ. ನೇಗಿಲ ಗುಳ ಹೋರಿಯ ಮುಖಕ್ಕೆ ಹೇಳಿಮಾಡಿಸಿದ್ದು. ಕಟ್ಟಡದ ಕೆಲಸದಲ್ಲಿ ಉಳಿದ ಸರಳಿನ ತುಂಡುಗಳು, ಪಟ್ಟಿ, ಆಂಗಲ್, ಲೇತ್ ಅಂಗಡಿಯ ತುಣುಕುಗಳು ಬಹುಪಾಲು ಸಾಧಾರಣ ಮೃದು ಉಕ್ಕು. ಇವು ಯಾವ ತಕರಾರೂ ಇಲ್ಲದೆ ಬೆಸೆಯುತ್ತವೆ.

ತೊಂದರೆ ಕೊಡುವವು ಗಡಸು ಜಾತಿಯವು. ಲಾರಿಯ ಪಟ್ಟೆ ಸ್ಪ್ರಿಂಗ್, ಬೇರಿಂಗ್ ಗುಂಡು, ಅರ, ಕುಡುಗೋಲಿನ ಬಾಯಿ ಇವುಗಳಲ್ಲಿ ಇಂಗಾಲ ಹೆಚ್ಚು. ಬೆಸೆದ ಜಾಗ ಬೇಗ ತಣಿದರೆ ಗಾಜಿನ ಹಾಗೆ ಪೆಡಸಾಗಿ, ಕೆಲವೊಮ್ಮೆ ಮಾರನೆಯ ದಿನ ತಾನಾಗಿ ಬಿರಿಯುತ್ತದೆ. ಅಂಥವನ್ನು ಬೆಸೆಯುವ ಮುನ್ನ 200ರಿಂದ 300 ಡಿಗ್ರಿವರೆಗೆ ಕಾಯಿಸಿ, ಬೆಸೆದ ಮೇಲೆ ಒಣ ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ತಣಿಸಬೇಕು. ಗುರುತಿಸುವ ಉಪಾಯ ಗ್ರೈಂಡರಿನಲ್ಲೇ ಇದೆ: ಮೃದು ಉಕ್ಕಿನ ಕಿಡಿ ಉದ್ದನೆಯ ಗೆರೆಯಾಗಿ ಹೋಗುತ್ತದೆ, ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ತುದಿಯಲ್ಲಿ ಹೂಬತ್ತಿಯಂತೆ ಸಿಡಿದು ಕವಲೊಡೆಯುತ್ತದೆ. ಹಳೆಯ ಹೊಲಿಗೆ ಯಂತ್ರದ ಕಾಲು ಎರಕದ ಕಬ್ಬಿಣ. ಅದಕ್ಕೆ ನಿಕ್ಕಲ್ ರಾಡ್ ಬೇಕು. ನಾನಂತೂ ಅದನ್ನು ಬೆಸೆಯದೆ, ತೂತು ಕೊರೆದು ಬೋಲ್ಟಿನಿಂದ ಕೂಡಿಸುತ್ತೇನೆ.

ಮುಟ್ಟಲೇಬಾರದ ಒಂದು ವಸ್ತುವಿದೆ: ಮುಚ್ಚಿದ ಪಾತ್ರೆ. ಸ್ಕೂಟರಿನ ಪೆಟ್ರೋಲ್ ಟ್ಯಾಂಕ್, ಎಣ್ಣೆಯ ಡ್ರಮ್ಮು, ಶಾಕ್ ಅಬ್ಸಾರ್ಬರ್, ಗ್ಯಾಸ್ ಸಿಲಿಂಡರ್. ವರ್ಷಗಟ್ಟಲೆ ಖಾಲಿ ಬಿದ್ದಿದ್ದರೂ ಒಳಗೆ ಉಳಿದ ಆವಿ ಬಾಂಬಿನಂತೆ ಸಿಡಿಯುತ್ತದೆ. ಟ್ಯಾಂಕಿನ ಆಕಾರ ಎಷ್ಟು ಚೆಂದವಿದ್ದರೂ ಅದರ ಆಸೆ ಬಿಡಿ.

ಜಿಐ ಪೈಪ್ ಬೆಸೆದರೆ ಜ್ವರ ಬರುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಅಂದರೆ ಉಕ್ಕು ಕರಗುವುದಕ್ಕೆ ಎಷ್ಟೋ ಮೊದಲೇ ಸತು ಬಿಳಿ ಹೊಗೆಯಾಗಿ ಮೂಗಿಗೆ ಬರುತ್ತದೆ. ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು. ಬೆಸೆಯುವ ಜಾಗದ ಎರಡೂ ಬದಿಗೆ ಎರಡಿಂಚು ಲೇಪವನ್ನು ಉಜ್ಜಿ ತೆಗೆಯಿರಿ, ಉಜ್ಜುವಾಗಲೂ ಮಾಸ್ಕ್ ಇರಲಿ. ಫಳಫಳ ಹೊಳೆಯುವ ಕ್ರೋಮ್ ಲೇಪದ ಸಾಮಾನುಗಳ ಹೊಗೆ ಇದಕ್ಕಿಂತ ಕೆಟ್ಟದು. ಅವನ್ನು ನಾನು ತರುವುದನ್ನೇ ಬಿಟ್ಟಿದ್ದೇನೆ.

ಲೇಪವಿಲ್ಲದ ಉಕ್ಕಿನ ಹೊಗೆಯೂ ನಿರಪಾಯವಲ್ಲ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ನಿರ್ಣಯಿಸಿದೆ. ಗಾಳಿ ಹರಿಯುವ ಕಡೆ ಬೆಸೆಯಿರಿ, ಹೊಗೆಯ ಕಂಬದೊಳಗೆ ತಲೆ ಬಗ್ಗಿಸಬೇಡಿ, ಬೆಸುಗೆ ಹೊಗೆಗೆಂದೇ ಇರುವ ಮಾಸ್ಕನ್ನು ಮುಖವಾಡದೊಳಗೆ ಹಾಕಿಕೊಳ್ಳಿ.

ಬೆಂಕಿಯ ಅಪಾಯ ಎಷ್ಟು?

ನಮ್ಮ ಕಡೆಯ ಹಿತ್ತಲ ಶೆಡ್ಡಿನಲ್ಲಿ ಏನಿರುತ್ತದೆ ನೆನೆಸಿಕೊಳ್ಳಿ: ಸೌದೆ, ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆಯ ಗೋಣಿಚೀಲ. ಗ್ರೈಂಡರಿನ ಕಿಡಿ ಹತ್ತು ಮೀಟರ್ ದೂರಕ್ಕೂ ಹೋಗಬಲ್ಲದು. ಒಮ್ಮೆ ನಾನು ಕೆಲಸ ಮುಗಿಸಿ, ಸ್ನಾನ ಮಾಡಿ, ಊಟಕ್ಕೆ ಕೂತ ಮೇಲೆ ಹಿತ್ತಲಿನಿಂದ ವಾಸನೆ ಬಂತು. ಗೋಣಿಚೀಲದ ಒಳಗೆ ಬಿದ್ದ ಒಂದು ಕಿಡಿ ಒಂದು ಗಂಟೆ ಕಾಲ ಸದ್ದಿಲ್ಲದೆ ಹೊಗೆಯಾಡಿತ್ತು. ಮರುದಿನವೇ ಶೆಡ್ಡನ್ನು ಪೂರ್ತಿ ಖಾಲಿ ಮಾಡಿದೆ. ಈಗ ಬಾಗಿಲ ಬಳಿ ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಸದಾ ಇರುತ್ತವೆ. ಕೊನೆಯ ಕಿಡಿ ಆರಿದ ಮೇಲೆ ಒಂದು ಗಂಟೆಯಾದರೂ ಅಲ್ಲೇ ಇದ್ದು ಗುಡಿಸುವುದು, ಜೋಡಿಸುವುದು ಮಾಡುತ್ತೇನೆ. ನೀರು ಎರಚುವ ಮೊದಲು ಮೇನ್ ಸ್ವಿಚ್ ಆರಿಸಬೇಕೆಂಬುದನ್ನು ಮನೆಯವರಿಗೂ ಹೇಳಿಕೊಟ್ಟಿರಿ.

ಮೊದಲ ಶಿಲ್ಪವಾಗಿ ಏನು ಮಾಡಲಿ?

ಕಾಲು ಉದ್ದವಿರುವ ಹಕ್ಕಿಯನ್ನು ಮಾಡಿ ಎನ್ನುತ್ತೇನೆ. ಅದರ ಮೈ ಬಹುಪಾಲು ಗೆರೆ, ಮತ್ತು ಸರಳು ಎಂದರೆ ಗೆರೆಯೇ.

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆ ಇದೆ. ನಾನು ಮೊದಲ ಸರಳು ಕತ್ತರಿಸುವ ಮುನ್ನ ಅಲ್ಲಿಗೆ ಹಲವು ಬಾರಿ ಹೋಗಿ ಪುಸ್ತಕದ ತುಂಬ ಗೆರೆ ಎಳೆದೆ. ಆಗ ತಿಳಿದದ್ದು: ಬೆಳ್ಳಕ್ಕಿಯ ಕುತ್ತಿಗೆ ಮೆತ್ತನೆಯ ಕೊಳವೆಯಂತೆ ಬಾಗುವುದಿಲ್ಲ, ಒಂದು ಕಡೆ ಚೂಪಾಗಿ ಮುರಿಯುತ್ತದೆ. ಕುತ್ತಿಗೆಯ ಆರನೆಯ ಕಶೇರು (ಬೆನ್ನೆಲುಬಿನ ಮಣಿ) ಉಳಿದವುಗಳಿಗಿಂತ ಉದ್ದ, ಆ ಮುರಿವು ಅಲ್ಲಿಯದು. ಹಿಂದಕ್ಕೆ ಮಡಚುವ ಮೊಣಕಾಲೆಂದು ನಾವು ತಿಳಿದದ್ದು ಅದರ ಪಾದದ ಕೀಲು. ನಿಜವಾದ ಮೊಣಕಾಲು ಗರಿಗಳೊಳಗೆ ಅಡಗಿದೆ. ಈ ಎರಡು ಕೋನ ಸರಿಬಂದರೆ ಮೂರು ಸರಳು ನೆಟ್ಟರೂ ಬೆಳ್ಳಕ್ಕಿ. ತಪ್ಪಿದರೆ ಸಾವಿರ ಗರಿ ಬೆಸೆದರೂ ಅದು ಬಾತುಕೋಳಿಯೂ ಅಲ್ಲ, ಬೆಳ್ಳಕ್ಕಿಯೂ ಅಲ್ಲ.

ಮಾಡುವ ಬಗೆ ಹೀಗೆ. ನಿಜವಾದ ಅಳತೆಯ ಚಿತ್ರವನ್ನು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಕಾಲಿಗೆ 10 ಮಿ.ಮೀ. ಸರಳು, ಬೆನ್ನು ಮತ್ತು ಕುತ್ತಿಗೆಗೆ 8, ಹೊಟ್ಟೆಯ ಸುತ್ತಲೂ ಬರುವ ಸರಳಿಗೆ 6. ಸರಳನ್ನು ವೈಸಿನಲ್ಲಿ ಹಿಡಿದು, ಪೈಪಿನ ತುಂಡನ್ನು ಅದಕ್ಕೆ ತೂರಿಸಿ ಬಾಗಿಸಿ, ಚಿತ್ರದ ಮೇಲಿಟ್ಟು ಹೋಲಿಸಿ. ಬಾಗಿದ್ದು ಸರಿಯೆನಿಸಿದ ಮೇಲೆ ಚಿಕ್ಕ ಟ್ಯಾಕ್ (ತಾತ್ಕಾಲಿಕ ಬೆಸುಗೆಯ ಚುಕ್ಕೆ) ಹಾಕಿ, ಕಡಲೆಕಾಳಿನಷ್ಟು ಮಾತ್ರ. ಪೂರ್ತಿ ಬೆಸೆಯಬೇಡಿ. ಎದ್ದು ಇಪ್ಪತ್ತು ಹೆಜ್ಜೆ ದೂರ ಹೋಗಿ ನೋಡಿ. ಮಗ್ಗುಲಿನಿಂದ ನೋಡಿ, ಕೂತು ನೋಡಿ, ಸಂಜೆಯ ಬೆಳಕಿನಲ್ಲಿ ಗೋಡೆಯ ಮೇಲೆ ಬೀಳುವ ನೆರಳನ್ನು ನೋಡಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹಲ್ಲುಜ್ಜುತ್ತಾ ಮತ್ತೆ ನೋಡಿ. ಕೊಕ್ಕು ಒಂದು ಬೆರಳು ಕೆಳಗಿರಬೇಕಿತ್ತು ಅನ್ನಿಸಿದರೆ ಟ್ಯಾಕ್ ಕತ್ತರಿಸಿ ಸರಿಪಡಿಸಿ. ಬೇಲೂರು, ಹಳೇಬೀಡಿನ ಶಿಲ್ಪಿಗೆ ಉಳಿಯ ಒಂದು ಏಟು ತಪ್ಪಿದರೆ ಕಲ್ಲು ಮರಳಿ ಬರುತ್ತಿರಲಿಲ್ಲ. ನಮಗೆ ಆ ಕಷ್ಟವಿಲ್ಲ. ತಪ್ಪನ್ನು ಕತ್ತರಿಸಿ ಮತ್ತೆ ಕೂಡಿಸಬಹುದು. ಈ ಅನುಕೂಲವನ್ನು ಬಳಸದೆ ಆತುರದಿಂದ ಪೂರ್ತಿ ಬೆಸೆದು ಮುಗಿಸುವುದೇ ಹೊಸಬರು ಮಾಡುವ ದೊಡ್ಡ ತಪ್ಪು.

ಇನ್ನೊಂದು: ಹೊಟ್ಟೆಯನ್ನು ತಗಡಿನಿಂದ ಪೂರ್ತಿ ಮುಚ್ಚಬೇಡಿ. ಸರಳುಗಳ ನಡುವಿನ ಖಾಲಿ ಜಾಗದೊಳಗೆ ಗಿಡದ ಹಸಿರು ಕಾಣಲಿ. ಆ ಖಾಲಿಯನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ನನ್ನ ಬೆಳ್ಳಕ್ಕಿಯ ಬಣ್ಣ ತುಕ್ಕಿನ ಕೆಂಪು, ಆದರೂ ಈವರೆಗೆ ಯಾರೂ ಅದನ್ನು ಬೇರೆ ಹಕ್ಕಿ ಎಂದಿಲ್ಲ.

ಬೆಸೆದ ಮೇಲೆ ಸೊಟ್ಟಗಾಗುತ್ತದೆ. ಏಕೆ?

ಕಾದ ಉಕ್ಕು ಹಿಗ್ಗುತ್ತದೆ, ತಣಿಯುವಾಗ ಬೆಸುಗೆ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಒಂದು ಮೀಟರ್ ಉದ್ದದ ಸರಳು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಬೆಳೆಯುತ್ತದೆ, ಬೆಸುಗೆಯ ಬಳಿಯ ಶಾಖ ಇದರ ಹಲವು ಪಟ್ಟು. ಆದ್ದರಿಂದ ಎಲ್ಲ ಕಡೆ ಟ್ಯಾಕ್ ಹಾಕಿದ ನಂತರ, ಎಡಕ್ಕೊಂದು ಬಲಕ್ಕೊಂದು ಎಂಬಂತೆ ಸ್ವಲ್ಪ ಸ್ವಲ್ಪವೇ ಬೆಸೆಯಿರಿ. ತಣಿಯಲು ಬಿಡಿ, ನೀರು ಹೊಯ್ಯಬೇಡಿ. ಎಷ್ಟು ಎಳೆಯುತ್ತದೆಂದು ಅನುಭವವಾದ ಮೇಲೆ, ಅಷ್ಟನ್ನು ಎದುರು ದಿಕ್ಕಿಗೆ ಮೊದಲೇ ಬಾಗಿಸಿಡಬಹುದು.

ಬೆಸುಗೆಯ ಗುರುತನ್ನು ಉಜ್ಜಿ ತೆಗೆಯಬೇಕೇ?

ಚೂಪಾದದ್ದನ್ನು, ಮಗುವಿನ ಕೈ ಗೀರುವಂಥದ್ದನ್ನು ತೆಗೆಯಿರಿ. ಉಳಿದದ್ದು ಇರಲಿ. ಉಜ್ಜಿ ಉಜ್ಜಿ ನುಣುಪಾಗಿಸಿದ ಶಿಲ್ಪ ಅಂಗಡಿಯ ಗೊಂಬೆಯಂತೆ ಕಾಣುತ್ತದೆ, ಮತ್ತು ಹೆಚ್ಚು ಉಜ್ಜಿದರೆ ಕೂಡುಗೆಯೂ ಬಲಹೀನವಾಗುತ್ತದೆ. ಸ್ಲ್ಯಾಗನ್ನು ಮಾತ್ರ ಒಂದು ಚೂರೂ ಬಿಡದೆ ಕೆರೆಯಿರಿ. ಅದರ ಮೇಲೆ ಬಳಿದ ಬಣ್ಣ ಮೊದಲ ಮಳೆಗೇ ಎದ್ದು ಬರುತ್ತದೆ.

ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಒಳಾಂಗಣದ ಶಿಲ್ಪಕ್ಕೆ ತಂತಿ ಬ್ರಷ್‌ನಿಂದ ಉಜ್ಜಿ, ಸ್ವಲ್ಪ ಬೆಚ್ಚಗಿರುವಾಗಲೇ ಜೇನುಮೇಣ ಸವರಿದರೆ ಉಕ್ಕಿನ ಕಪ್ಪು ಹಾಗೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಮತ್ತೆ ಸವರಬೇಕು.

ಹೊರಗೆ ಇಡುವುದಕ್ಕೆ ಎಣ್ಣೆ ಜಿಡ್ಡು ತೊಳೆದು, ತುಕ್ಕು ಉಜ್ಜಿ, ಅದೇ ದಿನ ಪ್ರೈಮರ್ ಬಳಿಯಿರಿ. ರೆಡ್ ಆಕ್ಸೈಡ್ ಅಗ್ಗ, ಒಳನಾಡಿಗೆ ಸಾಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಎಪಾಕ್ಸಿ ಪ್ರೈಮರ್ ಮತ್ತು ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್ ಬೇಕು. ಬಣ್ಣಕ್ಕಿಂತ ಮುಖ್ಯವಾದದ್ದು ನೀರು ನಿಲ್ಲದಂತೆ ಮಾಡುವುದು. ಬಟ್ಟಲಿನಂತಿರುವ ಪ್ರತಿ ಜಾಗದ ತಳಕ್ಕೂ ಒಂದು ತೂತು ಕೊರೆಯಿರಿ.

ತುಕ್ಕಿನ ಬಣ್ಣವೇ ಬೇಕೆನ್ನುವವರಿಗೆ ಎಚ್ಚರಿಕೆ. ಷಿಕಾಗೋದಲ್ಲಿ 1967ರಲ್ಲಿ ನಿಲ್ಲಿಸಿದ ಪಿಕಾಸೊನ ಸುಮಾರು 15 ಮೀಟರ್ ಎತ್ತರದ ಶಿಲ್ಪ ತುಕ್ಕಿನ ಬಣ್ಣದಲ್ಲೇ ನಿಂತಿದೆ. ಆದರೆ ಅದು ಕಾರ್ಟೆನ್ ಎಂಬ ವಿಶೇಷ ಉಕ್ಕು. ತಾಮ್ರ, ಕ್ರೋಮಿಯಂ ಬೆರೆತಿರುವುದರಿಂದ ಅದರ ತುಕ್ಕು ಬಿಗಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ. ನಮ್ಮ ಸಾಧಾರಣ ಉಕ್ಕಿನ ತುಕ್ಕು ಹೊಪ್ಪಳೆಯಾಗಿ ಉದುರಿ ಒಳಗೊಳಗೇ ತಿನ್ನುತ್ತದೆ. ಬೇಕಾದ ಬಣ್ಣ ಬಂದ ಮೇಲೆ ಸಡಿಲವಾದದ್ದನ್ನು ಉಜ್ಜಿ, ಮಂದ ಹೊಳಪಿನ ಲ್ಯಾಕರ್ ಬಳಿಯಿರಿ, ಒಂದೆರಡು ಮಳೆಗಾಲಕ್ಕೊಮ್ಮೆ ಮತ್ತೆ ಬಳಿಯಿರಿ.

ಗುಜರಿ ಜೋಡಿಸುವುದನ್ನು ಶಿಲ್ಪ ಎನ್ನಬಹುದೇ?

ಈ ಪ್ರಶ್ನೆಯನ್ನು ನನ್ನ ಮನೆಯ ಹಿರಿಯರೇ ಕೇಳಿದ್ದಾರೆ. ಕಾರ್ಖಾನೆಯ ಕೆಲಸವೇ ಕಲೆಯಾದ ದಾರಿ ದೊಡ್ಡದು. ಬಾರ್ಸಿಲೋನಾದ ಲೋಹಕುಶಲಿಗಳ ಮನೆತನದ ಶಿಲ್ಪಿ ಹೂಲಿಯೋ ಗೊನ್ಸಾಲೆಸ್ 1918ರಲ್ಲಿ ಪ್ಯಾರಿಸ್ ಬಳಿಯ ರೆನೋ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತ. ಹತ್ತು ವರ್ಷದ ನಂತರ ಪಿಕಾಸೊನ ಲೋಹಶಿಲ್ಪಗಳಿಗೆ ಆ ಕೈಯೇ ನೆರವಾಯಿತು. ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ ಯುವಕನಾಗಿದ್ದಾಗ ಸ್ಟುಡಿಬೇಕರ್ ಕಾರ್ ಕಾರ್ಖಾನೆಯಲ್ಲಿ ದುಡಿದವನು. ನಮ್ಮವರೇ ಆದ ಎಸ್. ನಂದಗೋಪಾಲ್ 1946ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮದಲ್ಲಿ ಲೋಹವನ್ನು ಬೆಸೆದು, ಬಡಿದು ಶಿಲ್ಪ ಮಾಡಿದರು. ದೆಹಲಿಯಲ್ಲಿ 2019ರಲ್ಲಿ ತೆರೆದ ಉದ್ಯಾನದಲ್ಲಿ ಜಗತ್ತಿನ ಏಳು ಅದ್ಭುತಗಳ ಪ್ರತಿಕೃತಿಗಳು ಗುಜರಿಯಿಂದಲೇ ಎದ್ದಿವೆ.

ಆದರೂ ಗುಜರಿಯೆಲ್ಲ ಶಿಲ್ಪವಲ್ಲ ಎಂದೇ ನನ್ನ ಅಭಿಪ್ರಾಯ. ನೋಡಿದವರು ಮೊದಲು "ಓ, ಇದು ಸ್ಪ್ಯಾನರ್" ಎಂದರೆ ನಾನು ಸೋತಿದ್ದೇನೆ. ಮೊದಲು ಹಕ್ಕಿ ಕಾಣಬೇಕು, ಹತ್ತಿರ ಬಂದ ಮೇಲೆ ಸ್ಪ್ಯಾನರ್ ಕಾಣಬೇಕು.

ಅಕ್ಕಪಕ್ಕದವರು ಸದ್ದಿಗೆ ಬೇಸರಪಟ್ಟರೆ?

ಅವರ ಬೇಸರ ನ್ಯಾಯವಾದದ್ದೇ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಮಿತಿಯಿದೆ. ಗ್ರೈಂಡರ್ ಇದನ್ನು ಸುಲಭವಾಗಿ ಮೀರುತ್ತದೆ. ನಾನು ಪಕ್ಕದ ಮನೆಯ ಅಜ್ಜಿಯ ಮಧ್ಯಾಹ್ನದ ನಿದ್ದೆಯ ಹೊತ್ತು, ಪರೀಕ್ಷೆಯ ತಿಂಗಳು, ಸಂಜೆ ಏಳರ ನಂತರ ಗ್ರೈಂಡರ್ ಮುಟ್ಟುವುದಿಲ್ಲ. ವೆಲ್ಡಿಂಗಿಗೆ ಅಷ್ಟು ಸದ್ದಿಲ್ಲ. ಕತ್ತರಿಸುವುದನ್ನೆಲ್ಲ ಒಂದೇ ಹೊತ್ತಿನಲ್ಲಿ ಮುಗಿಸಿಕೊಂಡರೆ ಇಬ್ಬರಿಗೂ ನೆಮ್ಮದಿ.

ಶಿಲ್ಪದ ಭಾರ ಎಷ್ಟಾಗುತ್ತದೆ, ಬೀಳದಂತೆ ನಿಲ್ಲಿಸುವುದು ಹೇಗೆ?

ಮೇಸ್ತ್ರಿಗಳ ಹಳೆಯ ಲೆಕ್ಕವೊಂದಿದೆ: ಸರಳಿನ ವ್ಯಾಸವನ್ನು ಮಿ.ಮೀ.ಯಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 10 ಮಿ.ಮೀ. ಸರಳಿಗೆ 0.617 ಕಿಲೋ. ತಗಡಾದರೆ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕಿಲೋ. ಗುಜರಿಗೆ ಹೋಗುವ ಮುನ್ನ ಲೆಕ್ಕ ಹಾಕಿ. ಇಬ್ಬರು ಎತ್ತಲಾಗದ್ದನ್ನು ಮನೆಯಲ್ಲಿ ಮಾಡಬೇಡಿ.

ಒಂದಡಿ ಚೌಕದ, 6 ಮಿ.ಮೀ. ದಪ್ಪದ ತಳದ ಹಲಗೆ ಸುಮಾರು 4.4 ಕಿಲೋ ತೂಗುತ್ತದೆ. ಸೊಂಟದೆತ್ತರದ ಹಕ್ಕಿ ಮನೆಯೊಳಗೆ ನಿಲ್ಲಲು ಅಷ್ಟು ಸಾಕು. ಅಂಗಳದಲ್ಲಾದರೆ ಹಲಗೆಯ ನಾಲ್ಕು ಮೂಲೆಗೂ ತೂತು ಕೊರೆದು, ಕಾಂಕ್ರೀಟಿನಲ್ಲಿ ಹೂತ ಬೋಲ್ಟುಗಳಿಗೆ ಬಿಗಿಯಿರಿ. ಆ ಹಲಗೆಯನ್ನು ಮಣ್ಣಿನಿಂದ ಎರಡು ಬೆರಳು ಮೇಲೆ ನಿಲ್ಲಿಸಿ. ನನ್ನ ಬೆಳ್ಳಕ್ಕಿಯ ಪಾದ ಮೊದಲ ಮಳೆಗಾಲದಲ್ಲಿ ಮಣ್ಣಿಗೆ ತಾಗಿಕೊಂಡಿತ್ತು. ಮೈಯೆಲ್ಲ ಸರಿಯಿದ್ದರೂ ಬೆರಳುಗಳು ತಿಂದುಹೋದವು, ಕತ್ತರಿಸಿ ಹೊಸ ಬೆರಳುಗಳನ್ನು ಬೆಸೆಯಬೇಕಾಯಿತು. ಹತ್ತಿರ ಬಂದು ನೋಡಿದರೆ ಅವುಗಳ ಬಣ್ಣ ಈಗಲೂ ಕಾಲಿಗಿಂತ ಸ್ವಲ್ಪ ತಿಳಿಯಾಗಿದೆ.